ನಾನೂರ ಎಂಬತ್ತು ಮಾತು

"ಇನ್ಮ್ಯಾಕೆ ನೀನು ಲೆಕ್ಕ ಕೇಳುದ್ರೆ ಕೈಯಾಗಿರೋ ಕೆಲ್ಸ ಕೆಳಗಿಟ್ಟು ಪಕ್ಕದಲ್ಲಿ ಕೂತ್ಕತೀನಿ ಕಣವ್ವ" ಎಂದು ನನ್ನ ಮಗಳು ಪವಿತ್ರಳಿಗೆ ಮಾತು ಕೊಟ್ಟಾಗ ಅವಳು ಆರನೇ ಕ್ಲಾಸು. ಅರಕೆರೆ ಕಡೆ ಟೆಲಿಫೋನ್ ಕಂಬಗಳು ಬಿದ್ದಿವೆಯೆಂದು ಹೋದವನು ಮೂರು ದಿನ ಮನೆಗೆ ಬಂದಿರಲಿಲ್ಲ. ಬರುವಷ್ಟರಲ್ಲಿ ಭಿನ್ನರಾಶಿಯ ಪರೀಕ್ಷೆ ಮುಗಿದು, ಅವಳು ಅತ್ತು, ಮುಖ ಊದಿಸಿಕೊಂಡು ಕೂತಿದ್ದಳು.

"ಆಣೆ ಮಾಡು" ಅಂದಳು.

"ಆಣೆ ಯಾಕವ್ವ, ನನ್ ಮಾತು ಸಾಲ್ದಾ?"

ಆಮೇಲಿನ ವರ್ಷಗಳಲ್ಲಿ ಆ ಮಾತನ್ನು ಹೆಚ್ಚುಕಮ್ಮಿ ನಡೆಸಿದೆ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟೆಕ್ನೀಷಿಯನ್. ಗಂಜಾಂನ ನಮ್ಮ ಮನೆಯ ಜಗಲಿಯ ಮೇಲೆ, ಎಷ್ಟೇ ಸುಸ್ತಾಗಿರಲಿ, ಪಕ್ಕದಲ್ಲಿ ಕೂತು ಹೇಳಿಕೊಟ್ಟೆ. ನನ್ನನ್ನು ನೋಡಿಯೇ ಅವಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾಕ್ಕೆ ಸೇರಿದ್ದು. ನಾಗಮಂಗಲದಲ್ಲಿ ನನ್ನ ತಂಗಿ ಲಲಿತಮ್ಮನ ಮನೆಯಲ್ಲಿದ್ದುಕೊಂಡು ಓದಿ ಮುಗಿಸಿದಳು, ಕೆಲಸ ಹುಡುಕುತ್ತ ಅಲ್ಲೇ ಉಳಿದಳು.

ತೊಂಬತ್ತೇಳರಲ್ಲಿ ನಮ್ಮ ಕಡೆಗೆ ಫೈಬರ್ ಬಂತು. ಶ್ರೀರಂಗಪಟ್ಟಣದಿಂದ ಪಾಂಡವಪುರ, ಅಲ್ಲಿಂದ ಕೆ.ಆರ್. ಪೇಟೆ, ರಸ್ತೆಯ ಪಕ್ಕ ಗುಂಡಿ ತೋಡಿಸಿ, ಕೂದಲಿನಂಥ ಗಾಜಿನ ಎಳೆಗಳನ್ನು ಕಾಯಿಸಿ ಬೆಸೆಯುವ ಕೆಲಸ. ಲೈನ್‌ಮನ್ ನಿಂಗರಾಜು ದಿನಾ ರೇಗಿಸುತ್ತಿದ್ದ.

"ಮೌನೇಶಣ್ಣ, ನಿಮ್ಮಪ್ಪ ಚಿನ್ನದ ತಂತಿ ಎಳೀತಿದ್ರು, ನೀನು ಗಾಜಿನ ತಂತಿ ಬೆಸೀತಾ ಇದ್ದೀಯ. ನಿಮ್ ಮನ್ಯಾಗೆ ತಂತಿ ಬುಟ್ರೆ ಬ್ಯಾರೆ ಕಸುಬೇ ಇಲ್ವಾ?"

"ನಿಂಗೆ ಬೀಡಿ ಬುಟ್ರೆ ಬ್ಯಾರೆ ಕಸುಬು ಐತೇನ್ಲಾ?" ಎನ್ನುತ್ತಿದ್ದೆ ನಾನು.

ಆ ವರ್ಷವೇ ಪವಿತ್ರಳಿಗೆ ಮೈಸೂರಿನ ಒಂದು ಕಾರ್ಖಾನೆಯಿಂದ ಕಾಗದ ಬಂತು. ಫೈಬರ್ ಲೈನಿನ ಎರಡೂ ತುದಿಗೆ ಕೂರಿಸುವ ಯಂತ್ರ ತಯಾರಿಸುವವರು. ಇರುವುದು ಒಂದೇ ಕೆಲಸ. ಅರ್ಜಿ ಹಾಕಿದವರಲ್ಲಿ ಆಯ್ದು ಉಳಿಸಿಕೊಂಡದ್ದು ಮೂವರನ್ನು, ಅವರಲ್ಲಿ ಇವಳೊಬ್ಬಳು. ಮೂವರಿಗೂ ಐದು ಲೆಕ್ಕ ಕೊಟ್ಟು ಒಬ್ಬರನ್ನು ಆರಿಸುತ್ತಾರೆ. ಅವಳಿಗೆ ಬೇರೆ ಯಾವ ಕೆಲಸದ ಮೇಲೂ ಆಸೆಯಿರಲಿಲ್ಲ.

ಪರೀಕ್ಷೆಯ ಹಿಂದಿನ ದಿನ ನಾನು ಪಾಂಡವಪುರದ ಎಕ್ಸ್‌ಚೇಂಜಿನಲ್ಲಿದ್ದೆ. ನೂರಾರು ಫೋನಿನ ಮಾತನ್ನು ಒಟ್ಟಿಗೆ ಸಾಗಿಸುವ, ಮೂವತ್ತನಾಲ್ಕು ಮೆಗಾಬಿಟ್ಟಿನ ಹೊಸ ಯಂತ್ರಕ್ಕೆ ಎರಡೆರಡು ಮೆಗಾಬಿಟ್ಟಿನ ಹದಿನಾರು ತಂತಿ ಸೇರಿಸಬೇಕು. ಮೂರು ಗಂಟೆಗೆ ಸಾಹೇಬರು ಅದನ್ನು ಚಾಲೂ ಮಾಡಿ ನೋಡಲು ಬರುವವರಿದ್ದರು. ಹನ್ನೊಂದು ತಂತಿ ಮುಗಿದಿದ್ದವು. ಆಗ ನಿಂಗರಾಜು, "ಅಣ್ಣ, ನಿನ್ ಮಗಳು, ನಾಗಮಂಗಲದಿಂದ" ಎಂದು ಫೋನ್ ತಂದ. ಅದನ್ನು ಕಿವಿಗೂ ಹೆಗಲಿಗೂ ಮಧ್ಯೆ ಸಿಕ್ಕಿಸಿಕೊಂಡೆ. ಕೈಯಲ್ಲಿದ್ದ ತಂತಿ ಬಿಡಲಿಲ್ಲ.

"ಅಪ್ಪಾ, ಒಂದೇ ಒಂದು ಲೆಕ್ಕ. ಕೂತಿದ್ದೀಯಾ?"

"ಕೂತಿವ್ನಿ, ಯೋಳವ್ವ" ಎಂದೆ. ನಿಂತೇ ಇದ್ದೆ.

"ಮೂವತ್ನಾಕು ಮೆಗಾಬಿಟ್‌ನಲ್ಲಿ ಒಂದೇ ಸಲಕ್ಕೆ ಎಷ್ಟು ಫೋನು ಮಾತಾಡ್ಬೋದು?"

"ಒಬ್ರ ಮಾತಿಗೆ ಅರವತ್ನಾಕು ಕಿಲೋಬಿಟ್ಟು. ಮೂವತ್ನಾಕು ಮೆಗಾ ಅಂದ್ರೆ ಮೂವತ್ನಾಕು ಸಾವ್ರ ಕಿಲೋ, ಅದ್ನ ಅರವತ್ನಾಕ್ರಿಂದ ಭಾಗಿಸ್ಕೊ."

"ಐನೂರ ಮೂವತ್ತೊಂದು ಬತ್ತದೆ. ಆದ್ರೆ ಅಪ್ಪಾ..."

"ಆದ್ರೆ ಗೀದ್ರೆ ಏನೂ ಇಲ್ಲ ಕಣವ್ವ. ಅಷ್ಟೇಯ. ಸಾಯೇಬ್ರು ಬತ್ತಾವ್ರೆ, ಫೋನ್ ಮಡುಗ್ಲಾ?"

"ಸರಿ ಅಪ್ಪಾ" ಅಂದಳು. ನಾನು ಹನ್ನೆರಡನೆಯ ತಂತಿ ಕೈಗೆತ್ತಿಕೊಂಡೆ. ಮೂರು ಗಂಟೆಗೆ ಎಲ್ಲವೂ ಸರಿಯಾಗಿ ಕೆಲಸ ಮಾಡಿತು. ಸಾಹೇಬರು ಬೆನ್ನು ತಟ್ಟಿದರು.

ಮಾರನೇ ದಿನ ಸಂಜೆ ಅವಳು ಮೈಸೂರಿನಿಂದ ಸೀದಾ ಮನೆಗೆ ಬಂದಳು. ಖುಷಿಯಾಗಿದ್ದಳು. "ನಿನ್ನ ಲೆಕ್ಕವೂ ಬಂದಿತ್ತು ಕಣಪ್ಪಾ!" ಎಂದು ಪ್ರಶ್ನೆಯ ಹಾಳೆಯನ್ನು ಕೈಗಿಟ್ಟು ಮುಖ ತೊಳೆಯಲು ಹೋದಳು. ಹಾಳೆಯ ಹಿಂದೆ ಅವಳ ಗೀಚು ಲೆಕ್ಕಗಳಿದ್ದವು. ನಾಲ್ಕನೆಯದರಲ್ಲಿ ಮೊದಲು 16 × 30 = 480 ಎಂದಿತ್ತು. ಅದರ ಮೇಲೆ ಒಂದು ಗೆರೆ. ಪಕ್ಕದಲ್ಲಿ 531.

ಆಗ ಹೊಳೆಯಿತು. ಎರಡು ಮೆಗಾಬಿಟ್ಟಿನ ಒಂದು ತಂತಿಯಲ್ಲಿ ಅರವತ್ತನಾಲ್ಕು ಕಿಲೋಬಿಟ್ಟಿನ ಜಾಗ ಮೂವತ್ತೆರಡು. ಮಾತಿಗೆ ಸಿಗುವುದು ಮೂವತ್ತೇ. ಒಂದು ಜಾಗ ಸಾಲು ತಪ್ಪದಂತೆ ಕಾಯಲು, ಇನ್ನೊಂದು ಗಂಟೆ ಬಾರಿಸಿದ್ದು, ಫೋನ್ ಇಟ್ಟದ್ದು ತಿಳಿಸಲು. ಹದಿನಾರು ತಂತಿಯನ್ನು ಒಟ್ಟು ಮಾಡುವುದಕ್ಕೂ ಒಂದಿಷ್ಟು ಬಿಟ್ಟುಕೊಡಬೇಕು. ಅಕ್ಕಸಾಲಿಗರ ಮನೆಯಲ್ಲಿ ಹುಟ್ಟಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ: ಒಡವೆಯ ತೂಕವೆಲ್ಲ ಚಿನ್ನವಲ್ಲ, ಬೆಸುಗೆ ಇರುತ್ತದೆ, ಒಳಗೆ ಅರಗು ಇರುತ್ತದೆ. ಹದಿನಾರು ತಂತಿಯನ್ನು ಕೈಯಾರೆ ಕೂರಿಸುತ್ತ ನಿಂತಿದ್ದವನು ನಾನು. ಅವಳು ಸರಿಯಾದ ಉತ್ತರ ಇಟ್ಟುಕೊಂಡೇ ಫೋನ್ ಮಾಡಿದ್ದಳು. 'ಆದ್ರೆ' ಅಂದದ್ದು ಅದಕ್ಕೇ.

ಟವೆಲಿನಲ್ಲಿ ಮುಖ ಒರೆಸುತ್ತ ಬಂದು, "ಎಂಗೆ?" ಅಂದಳು.

"ಚೆನ್ನಾಗೈತೆ" ಅಂದೆ.

ಹತ್ತು ದಿನಕ್ಕೆ ಕಾಗದ ಬಂತು. ಇವಳದು ಐದರಲ್ಲಿ ನಾಲ್ಕು ಸರಿ. ಕೆಲಸ ಐದೂ ಸರಿ ಮಾಡಿದವರಿಗೆ. ಅವಳು ಹಾಳೆ ಹರಡಿಕೊಂಡು ಒಂದೊಂದೇ ಲೆಕ್ಕ ಮತ್ತೆ ಮಾಡಿದಳು. ನಾಲ್ಕನೆಯದರ ಹತ್ತಿರ ಪೆನ್ಸಿಲು ನಿಂತಿತು.

"ಅಪ್ಪಾ, ನಾನೂರ ಎಂಬತ್ತೇ ಸರಿ ಅಲ್ವಾ?"

"ಊಂ."

"ನಿಂಗೆ ಆವತ್ತು ಸಂಜೇನೇ ಗೊತ್ತಾಗಿತ್ತಾ?"

"ಗೊತ್ತಾಗಿತ್ತು ಕಣವ್ವ."

ಬೈದಿದ್ದರೆ ಚೆನ್ನಾಗಿತ್ತು. "ಬುಡು, ನಾನಾದ್ರೂ ಇನ್ನೊಂದ್ಸಲ ಕೇಳ್ಬೇಕಿತ್ತು" ಎಂದು ಹಾಳೆ ಮಡಿಸಿದಳು. ಆ ಕಾರ್ಖಾನೆಯವರು ಮರುವರ್ಷ ಯಾರನ್ನೂ ಕರೆಯಲಿಲ್ಲ. ಅವಳೀಗ ಕೆ.ಆರ್. ಪೇಟೆಯ ಒಂದು ಹಾಲಿನ ಡೈರಿಯಲ್ಲಿ ಕೊಬ್ಬಿನ ಅಂಶ ಅಳೆಯುವ ಯಂತ್ರದ ಮುಂದೆ ಕೂರುತ್ತಾಳೆ. ವಾರಕ್ಕೆರಡು ಸಲ ಫೋನ್ ಮಾಡುತ್ತಾಳೆ, ನಾವು ಬೆಸೆದ ಅದೇ ಗಾಜಿನ ಎಳೆಯ ಮೇಲೆ. ಊಟ ಆಯ್ತಾ, ಮಂಡಿ ನೋವು ಎಂಗೈತೆ ಎಂದು ಕೇಳುತ್ತಾಳೆ. ಲೆಕ್ಕ ಕೇಳುವುದಿಲ್ಲ.

ಕೈಯಲ್ಲಿದ್ದ ಕೆಲಸ ಬಿಟ್ಟು ಪಕ್ಕದಲ್ಲಿ ಕೂರುತ್ತೇನೆಂದು ಮಾತು ಕೊಟ್ಟಿದ್ದೆ. ಕೆಲಸ ಬಿಡಲಿಲ್ಲ, ಕೂರಲಿಲ್ಲ. ಮಾತಿಗೆ ತಪ್ಪಿದೆ.