ಎರಡು ಇಂಚಿನ ಮರ್ಯಾದೆ

ಆ ಹುಡುಗ ನಡೆದು ಬರುವಾಗ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಕೊರಳಿನ ಹಳದಿ ಟೇಪು. ಅದರ ಹಿಂದೆ, ಯಾರೋ ಗಿರಾಕಿ ಒಯ್ಯದೆ ಬಿಟ್ಟ ದೊಗಲೆ ಬೂದು ಕೋಟಿನೊಳಗೆ, ಹದಿನೇಳರ ಬಡಕಲು ದೇಹ. ಸೋದರಮಾವನ ದರ್ಜಿ ಅಂಗಡಿಯಲ್ಲಿ ಅಳತೆ ತೆಗೆಯುವುದು ಅವನ ಕೆಲಸ. ಹತ್ತು ಹೆಜ್ಜೆ ದೂರದಿಂದಲೇ ಮನುಷ್ಯನ ಸೊಂಟದ ಸುತ್ತಳತೆಯನ್ನು ಕರಾರುವಾಕ್ಕಾಗಿ ಹೇಳಬಲ್ಲ, ಹೇಳಿಯೂಬಿಡುತ್ತಿದ್ದ. ನನ್ನಂಥ ಸ್ಥೂಲಕಾಯರು ಅವನೆದುರು ಉಸಿರು ಬಿಗಿಹಿಡಿದೇ ನಡೆಯುವ ಅಭ್ಯಾಸ ಮಾಡಿಕೊಂಡಿದ್ದೆವು.

ಮಾವನ ಶಾಸ್ತ್ರವೇ ಬೇರೆ. ಹೊಟ್ಟೆಗೆ ಟೇಪು ಸುತ್ತಿ, ಇಡೀ ಅಂಗಡಿಗೆ ಕೇಳುವಂತೆ ಎರಡು ಇಂಚು ಕಡಿಮೆ ಕೂಗುವುದು; ಅಳತೆಪುಸ್ತಕ ಹಿಡಿದವನು ಸದ್ದಿಲ್ಲದೆ ಎರಡು ಸೇರಿಸಿ ಬರೆದುಕೊಳ್ಳುವುದು. "ಬಟ್ಟೆಗೆ ನಿಜ, ಕಿವಿಗೆ ಮರ್ಯಾದೆ ಕಣೋ," ಎನ್ನುತ್ತಿದ್ದ. ಹುಡುಗನ ನಾಲಿಗೆ ಮಾತ್ರ ಈ ವಿದ್ಯೆ ಕಲಿಯಲೇ ಇಲ್ಲ.

ಒಂದು ದಿನ ಬ್ಯಾಂಕಿನ ಮ್ಯಾನೇಜರು ಟೇಪಿನೊಳಗೆ ನಿಂತು ಕಣ್ಣು ಮಿಟುಕಿಸಿದರು. "ಏನಪ್ಪಾ ಅಳಿಯರಾಯ, ಯಾವ ಹುಡುಗಿ ಮೇಲೆ ಕಣ್ಣು?"

"ಹುಡುಗೀರ ಮೇಲಲ್ಲ ಸಾರ್. ನಂಗೆ ಮನಸ್ಸಾಗೋದು ಹುಡುಗರ ಮೇಲೆ. ತೋಳು ಎತ್ತಿ."

ಅಳತೆ ಓದುವ ಅದೇ ದನಿ. ಮ್ಯಾನೇಜರು ತೋಳು ಎತ್ತಲಿಲ್ಲ; ಬೆಂಕಿ ತಾಗಿದವರಂತೆ ಟೇಪಿನಿಂದ ಹೊರಗೆ ಹಾರಿದರು. ಅವರ ನಂತರದ ಸರದಿ ನನ್ನದು. ಜನರ ಸಣ್ಣತನವನ್ನು ಗೇಲಿಮಾಡಿ ವಾರಕ್ಕೊಂದು ನಗೆಬರಹ ಬರೆದು ಬದುಕುವ ಈ ಮಹಾಶಯ ಗಂಟಲು ಸರಿಪಡಿಸಿಕೊಂಡು, "ನಿಮ್ಮ ಮಾವನೇ ತೆಗೀಲಿ ಬಿಡಪ್ಪಾ," ಎಂದ. ಹುಡುಗ ನನ್ನನ್ನು ಒಮ್ಮೆ ನೋಡಿದ. ಆ ಸಲ ಅವನು ಅಳೆದದ್ದು ನನ್ನ ಹೊಟ್ಟೆಯನ್ನಲ್ಲ.

"ಟೇಪು ಇಳಿಸು," ಎಂದ ಮಾವ. "ಇನ್ಮೇಲೆ ಪುಸ್ತಕ ಬರಿ. ಗಿರಾಕಿನ ಮುಟ್ಟಬೇಡ."

ಆಮೇಲೆ ಅವನ ಕೈ ದಿನಕ್ಕೆ ನೂರು ಸಲ ಬರಿಗೊರಳಿಗೆ ಹೋಗಿ, ಏನೂ ಸಿಗದೆ ಹಿಂದಿರುಗುತ್ತಿತ್ತು. ಅಂಗಡಿಗೆ ಬಂದವರು ಅವನಿಗೆ ಕೇಳಿಸುವಂತೆಯೇ ಕಿಸಕ್ಕೆನ್ನುತ್ತಿದ್ದರು. ಅವನು ತಲೆಯೆತ್ತದೆ ಬರೆಯುತ್ತಿದ್ದ.

ಮ್ಯಾನೇಜರೂ ನಾನೂ ಸೇರಿ ನಮ್ಮ ಕ್ಲಬ್ಬಿನ ಆರು ಜನ ಗಣ್ಯರು ಗ್ರೂಪ್ ಫೋಟೋಗೆಂದು ಹೊಲಿಸಿದ ಕೋಟುಗಳು ತಯಾರಾದವು. ಒಂದಕ್ಕೂ ಗುಂಡಿ ಕೂರಲಿಲ್ಲ. ಆರು ಹೊಟ್ಟೆಗಳು, ಆರು ಕೋಟು, ನಡುವೆ ಎರಡೆರಡು ಇಂಚಿನ ಕಂದಕ. ಮಾವ ಪುಸ್ತಕ ಬಿಚ್ಚಿ ನೋಡಿ ಕೆಂಡವಾದ.

"ಲೋ, ಎರಡು ಸೇರಿಸಿ ಬರೀಬೇಕು ಅಂತ ಗೊತ್ತಿಲ್ವೇನೋ?"

"ಗೊತ್ತು ಮಾವ. ಇವರಿಗೆ ಸುಳ್ಳೇ ಮರ್ಯಾದೆ ಅಂದ್ರಲ್ಲ, ಅದನ್ನೇ ಬರ್ದೆ. ಹಾಕ್ಕೊಂಡು ಮೆರೀಲಿ." ಹುಡುಗ ಎದ್ದು ನಿಂತು ಕೈ ಚಾಚಿದ. "ನಿಜ ಹೇಳ್ದೆ ಅಂತ ನನ್ನ ಕೈ ಹೊಲಸಾಯ್ತಾ? ಟೇಪು ಕೊಡಿ. ಇಲ್ಲಾಂದ್ರೆ ಈಗ್ಲೇ ಹೊರಟೆ."

"ಕತ್ತು ಹಿಡಿದು ಆಚೆ ದಬ್ಬಯ್ಯ!" ಎಂದರು ಮ್ಯಾನೇಜರು.

ಮಾವ ಅಕ್ಕನ ಮಗನನ್ನು ನೋಡಿದ, ಆರು ಕೋಟುಗಳನ್ನು ನೋಡಿದ, ತನ್ನ ಕೊರಳಿನ ಟೇಪನ್ನು ಕಿತ್ತು ಹುಡುಗನತ್ತ ಎಸೆದ. "ತಗೊಂಡು ಸಾಯಿ! ನೀನೇ ಸರಿಮಾಡು."

ಹುಡುಗ ಟೇಪನ್ನು ಕೊರಳಿಗೆ ಹಾಕಿಕೊಂಡ. "ಯಾರು ಮೊದಲು?"

ಐವರು ಕೋಟು ಕಳಚಿ ಎಸೆದು ಮೆಟ್ಟಿಲಿಳಿದರು. ನಾನು ಉಳಿದೆ. ಶೌರ್ಯವೇನಲ್ಲ, ಬಿಗಿದ ಕೋಟಿನಿಂದ ತೋಳು ಹೊರಬರುತ್ತಿರಲಿಲ್ಲ.

"ಮೊನ್ನೆ ನಿಮಗೆ ಮಾವನೇ ಬೇಕಿತ್ತಲ್ಲ?" ಎಂದ.

ಬಿಗಿದ ಹೊಲಿಗೆ ಪರ್ರೆಂದು ಬಿಚ್ಚಿದರೂ ತೋಳು ಎತ್ತಿದೆ. ಅವನು ಟೇಪು ಸುತ್ತಿ, ಬೀದಿಯಲ್ಲಿ ಹೋಗುತ್ತಿದ್ದ ಐವರಿಗೂ ಕೇಳುವಂತೆ ಕೂಗಿದ: "ನಲವತ್ತೆರಡೂವರೆ!"

ಇಂಥ ಹುಡುಗರು ಎಲ್ಲ ಬೀದಿಗಳಲ್ಲೂ ಇರುತ್ತಾರೆ; ಹೆಚ್ಚಿನವರು ನಮ್ಮ ಕಿವಿಯ ಸುಖಕ್ಕಾಗಿ ತಮ್ಮನ್ನೇ ಎರಡು ಇಂಚು ಕಡಿಮೆ ಕೂಗಿಕೊಂಡು ಬದುಕುತ್ತಾರೆ. ಯಾವನೋ ಒಬ್ಬ ನಿಜ ಹೇಳಿದರೆ ಅವನ ಧೈರ್ಯವನ್ನು, ತಡವಾಗಿಯಾದರೂ, ನಾವು ಹೊಗಳುತ್ತೇವೆ. ಹದಿನೇಳರ ಹುಡುಗನಿಗೆ ಅಷ್ಟೊಂದು ಧೈರ್ಯ ಬೇಕಾಗುವಂತೆ ಮಾಡಿದವರು ಯಾರು ಎಂದು ಕೇಳಿದಾಗ ಮಾತ್ರ, ಎಲ್ಲರೂ ತಲೆ ತಗ್ಗಿಸಿ ಕೋಟಿನ ಗುಂಡಿ ಎಣಿಸತೊಡಗುತ್ತೇವೆ.