ಧನು ಹೇಳಿದ್ದು

ಓಬಳೇಶ ಗಾಡಿಯನ್ನು ಬಿಳಿಗೆರೆ ಹತ್ತಿರದ ತೋಟವೊಂದರ ನೆರಳಿಗೆ ಹಾಕಿ ಮಗಳ ಚಡ್ಡಿ ಬದಲಾಯಿಸುತ್ತಿದ್ದ. ಹಿಂದೆ ಕೊಬ್ಬರಿ ಚೀಲಗಳು, ಮುಂದೆ ಸೀಟಿನ ಮೇಲೆ ಒದ್ದೆಯಾದ ಗೋಣಿತಾಟು. ಎರಡೂವರೆ ವರ್ಷದ ಧನುಶ್ರೀ ಅಪ್ಪನ ಹೆಗಲು ಹಿಡಿದು ನಿಂತು, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ತೆಂಗಿನ ಗರಿಗಳ ಕಡೆ ನೋಡುತ್ತಿದ್ದಳು.

ಅವಳ ತಾಯಿ ದಿವ್ಯ ತಿಪಟೂರಿನ ನರ್ಸಿಂಗ್ ಹೋಮೊಂದರಲ್ಲಿ ನರ್ಸು. ಹೆರಿಗೆಯಾದಾಗಿನಿಂದ ಮನೆಯಲ್ಲಿದ್ದವಳು ಈಚೆಗಷ್ಟೇ ಮತ್ತೆ ಕೆಲಸಕ್ಕೆ ಸೇರಿದ್ದಳು. ಅತ್ತೆ ಕರಿಯಕ್ಕ ಬೆಳಗಾದರೆ ಕುರಿ ಹೊಡೆದುಕೊಂಡು ಹೋಗುವವಳು. ಉಚ್ಚೆ ಬಂದರೆ ಮಗು ತಾನಾಗಿ ಹೇಳುವುದನ್ನು ಕಲಿಯಲಿ, ಆಮೇಲೆ ಕರೆತನ್ನಿ ಎಂದು ಹಟ್ಟಿಯ ಅಂಗನವಾಡಿಯ ಅಂಕಮ್ಮ ಹೇಳಿದ್ದಳು. ಅಲ್ಲಿಯವರೆಗೆ ನೋಡಿಕೊಳ್ಳುವವರು ಇಲ್ಲದಿದ್ದರೆ ದಿವ್ಯ ಕೆಲಸ ಬಿಡಬೇಕು. ಹಾಗಾಗಿ ಧನು ಅಪ್ಪನ ಗೂಡ್ಸ್ ಗಾಡಿ ಹತ್ತಿದ್ದಳು.

ಮೊದಮೊದಲು ಓಬಳೇಶ ಗದರುತ್ತಿದ್ದ. ಅದರಿಂದ ಆದದ್ದಿಷ್ಟೇ: ಬಂದಾಗ ಮಗು ಸೀಟಿನ ಕೆಳಗೆ ನುಸುಳಿ ಬಚ್ಚಿಟ್ಟುಕೊಳ್ಳುವುದನ್ನು ಕಲಿಯಿತು. ಒಂದು ದಿನ ಬಟ್ಟೆ ಹಿಂಡುತ್ತಿದ್ದ ದಿವ್ಯ ತಲೆಯೆತ್ತದೆ ಅಂದಳು: “ಅವ್ಳು ನಿಮ್ಗೆ ಹೆದ್ರಿಕೊಂಡವ್ಳೆ ಕಣ್ರೀ. ಬೈಬೇಡಿ. ಯಾವತ್ತಾದ್ರೂ ಬಾಯ್ಬಿಟ್ಟು ಹೇಳಿದ್ರೆ, ಎಲ್ಲಿದ್ರೂ ಸರಿ, ಗಾಡಿ ನಿಲ್ಸಿ.”

ಅಂದಿನಿಂದ ಅವನು ಗದರುವುದನ್ನು ಬಿಟ್ಟ. ಊರೂರಿಗೂ ನಿಲ್ಲಿಸಿ ಕೇಳುತ್ತಿದ್ದ. ಅವಳು ತಲೆಯಾಡಿಸಿ ಬೇಡವೆನ್ನುತ್ತಿದ್ದಳು. ಅರ್ಧ ಮೈಲಿ ಹೋಗುವಷ್ಟರಲ್ಲಿ ಗೋಣಿತಾಟು ಒದ್ದೆ.

ಆ ದಿನ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರಿ ರುದ್ರೇಶನ ಮಂಡಿಯ ಮುಂದೆ ಗಾಡಿಗಳ ಸಾಲೇ ಇತ್ತು. ಮಧ್ಯಾಹ್ನದೊಳಗೆ ತೂಕವಾದ ಚೀಲ ಮಾತ್ರ ಲಾರಿಗೆ, ಉಳಿದದ್ದು ನಾಳೆಗೆ ಎಂದು ರುದ್ರೇಶ ಮೊದಲೇ ಹೇಳಿದ್ದ. ಬಿಸಿಲಲ್ಲಿ ಕಾದು ಕಾದು ಓಬಳೇಶನ ಸರದಿ ಬಂತು. ಹಮಾಲಿಗಳು ಹಿಂಬಾಗಿಲು ತೆಗೆದು ಮೊದಲ ಚೀಲಕ್ಕೆ ಕೊಕ್ಕೆ ಹಾಕುತ್ತಿದ್ದರು. ಯಾರೋ ಅಂಗಿಯ ತುದಿ ಎಳೆದಂತಾಯಿತು.

“ಅಪ್ಪ, ಬತ್ತೈತೆ.”

ಕೇಳಿದ್ದು ನಿಜವೋ ಎಂದು ಅವನು ತಿರುಗಿ ನೋಡಿದ. ಧನು ಎರಡೂ ಕಾಲು ಹೆಣೆದುಕೊಂಡು, ಗದರುತ್ತಾನೋ ಏನೋ ಎಂದು ಅವನ ಮುಖವನ್ನೇ ನೋಡುತ್ತಿದ್ದಳು. ಓಬಳೇಶ ಹಮಾಲಿಗಳಿಗೆ ನಿಲ್ಲಲು ಹೇಳಿ, ಮಗಳನ್ನು ಎತ್ತಿಕೊಂಡು ಗೋದಾಮಿನ ಹಿಂದಕ್ಕೆ ಓಡಿದ.

ಬೇವಿನ ಮರದ ಬುಡದಲ್ಲಿ ಕೂರಿಸಿದರೆ ಏನೂ ಬರಲೊಲ್ಲದು. ಹಾರನ್ನುಗಳು ಕೇಳುತ್ತಿದ್ದವು. ಯಾರೋ ಅವನ ಹೆಸರು ಕೂಗಿದರು. ಎದ್ದು ಹೋಗೋಣವೆನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವನು ಅದನ್ನು ನುಂಗಿಕೊಂಡು ಅವಳೆದುರು ಕುಕ್ಕರುಗಾಲಲ್ಲಿ ಕೂತ. ಇಬ್ಬರೂ ಸಾಲುಗಟ್ಟಿ ಹೋಗುತ್ತಿದ್ದ ಇರುವೆಗಳನ್ನು ನೋಡಿದರು. ಒಂದು ಇರುವೆಗೆ ಅವಳು ಟಾಟಾ ಮಾಡಿದಳು. ಆಮೇಲೆ ಒಣಮಣ್ಣು ನಿಧಾನವಾಗಿ ಕಪ್ಪಾಗುತ್ತಾ ಅವನ ಚಪ್ಪಲಿಯವರೆಗೂ ಬಂತು.

“ಬಂತು,” ಅಂದಳು ಧನು. ಅವಳಿಗೇ ಆಶ್ಚರ್ಯವಾದಂತಿತ್ತು.

“ಹೂಂ ಕಣವ್ವ, ಬಂತು,” ಅಂದ.

ವಾಪಸು ಬಂದಾಗ ಅವನ ಗಾಡಿಯನ್ನು ಪಕ್ಕಕ್ಕೆ ತಳ್ಳಿ ಹಿಂದಿನವನು ತೂಕಕ್ಕೆ ನಿಂತಿದ್ದ. ಓಬಳೇಶ ಜಗಳವಾಡದೆ ಸಾಲಿನ ಕೊನೆಗೆ ಹೋದ. ಅವನ ಚೀಲಗಳು ಲಾರಿಗೆ ಏರಿದ್ದು ಕಟ್ಟಕಡೆಗೆ, ಅದೂ ಹಗ್ಗ ಬಿಗಿದು ಲಾರಿ ಹೊರಡುವುದು ತಡವಾದ್ದರಿಂದ. ರುದ್ರೇಶ ಸಿಡುಕುಮುಖದಲ್ಲೇ ಹತ್ತಿರ ಬಂದು ಮಗುವನ್ನು ನೋಡಿದ.

“ನಾಳೆನೂ ಈ ಮೇಡಂ ಬತ್ತಾರೇನಪ್ಪ?”

“ಬತ್ತಾಳೆ ಕಣ್ರೀ.”

“ಹಂಗಾರೆ ಇನ್ನೊಂಚೂರು ಮುಂಚೆ ಬಾ,” ಎಂದು ಹೇಳಿ ಹೋದ.

ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರ ದಿವ್ಯ ಗಾಡಿ ಹತ್ತಿದಳು. ಓಬಳೇಶ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಧನುವೇ, ಇರುವೆ, ಮಣ್ಣು, ಅಪ್ಪ ಎಂದು ತನಗೆ ತಿಳಿದಂತೆ ಎಲ್ಲ ಹೇಳಿದಳು. ದಿವ್ಯ ಗಂಡನ ಮುಖ ನೋಡಿದಳು. ಅವನು ರಸ್ತೆ ನೋಡುತ್ತಾ ನಗುತ್ತಿದ್ದ.

ಊರು ದಾಟಿ ತೋಟಗಳ ನಡುವೆ ಬರುವಾಗ ಧನುವಿನ ಬಾಯಿಂದ ಮತ್ತೆ ಅದೇ ಮಾತು ಬಂತು. ಓಬಳೇಶ ಗಾಡಿ ನಿಲ್ಲಿಸಿದ. ಮೂವರೂ ಇಳಿದರು. ನೋಡಬಾರದೆಂದು ಮಗಳ ಅಪ್ಪಣೆಯಾಯಿತು. ಗಂಡಹೆಂಡಿರು ಅವಳಿಗೆ ಬೆನ್ನು ಮಾಡಿ, ರಸ್ತೆಯಲ್ಲಿ ಹೋಗುವ ಬಸ್ಸುಗಳನ್ನು ನೋಡುತ್ತಾ, ಎಷ್ಟು ಹೊತ್ತಾದರೂ ಆಗಲಿ ಎನ್ನುವಂತೆ ನಿಂತರು.