ರಜೆ ದಿನದ ಒಂದು ಡಿಗ್ರಿ

ಚಳಿಗಾಲದ ದೊಡ್ಡ ರಜೆ ದಿನದ ಬೆಳಿಗ್ಗೆ. ಊರೆಲ್ಲ ಮುಸುಕೆಳೆದು ಮಲಗಿದ್ದಾಗ ನಾನೊಬ್ಬಳು ಹವಾಮಾನ ಕಚೇರಿಯ ತಾರಸಿ ಮೆಟ್ಟಿಲು ಹತ್ತುತ್ತಿದ್ದೆ. ಅಂಥ ಚಳಿಯಲ್ಲೂ ಮೈ ಉರಿಯುತ್ತಿತ್ತು. ಕಾರಣ ನಮ್ಮ ಸಾಹೇಬರು.

ಹಳೆಯ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿಸುವಾಗ ಅವರ ಕಣ್ಣಿಗೊಂದು ವಿಚಿತ್ರ ಬಿದ್ದಿತ್ತು. ವರ್ಷವಿಡೀ ನಮ್ಮ ತಾರಸಿಯ ತಾಪಮಾನ ಊರಿನ ಉಳಿದ ಕೇಂದ್ರಗಳ ಹಾಗೇ ಇರುತ್ತದೆ. ಈ ರಜೆಯ ಬೆಳಿಗ್ಗೆ ಮಾತ್ರ, ಪ್ರತಿವರ್ಷ, ಒಂದು ಡಿಗ್ರಿ ಹೆಚ್ಚು.

"ಅದು ನಮ್ಮಪ್ಪನ ಉಸಿರು ಸಾರ್," ಎಂದು ನಕ್ಕಿದ್ದೆ.

ತಾರಸಿಯ ಮೇಲಿನ ಮರದ ಪೆಟ್ಟಿಗೆ, ಒಳಗಿನ ಥರ್ಮಾಮೀಟರು, ಎಲ್ಲ ಅಪ್ಪನ ಸುಪರ್ದಿ. ಬೇರೆ ದಿನ ಸಹಾಯಕರು ಓದಿ ಹೇಳುತ್ತಿದ್ದರು, ಅಪ್ಪ ಪಕ್ಕದಲ್ಲಿ ನಿಂತು ಬರೆದುಕೊಳ್ಳುತ್ತಿದ್ದ. ಈ ರಜೆಗೆ ಯಾರೂ ಬರುತ್ತಿರಲಿಲ್ಲವಾದ್ದರಿಂದ ಅಪ್ಪನೇ ಹೋಗುತ್ತಿದ್ದ. ಕಣ್ಣು ಮಂಜಾದರೂ ಕನ್ನಡಕ ಹಾಕದ ಹಟಮಾರಿ. ಬಾಯಲ್ಲೊಂದು ಲವಂಗ ಇಟ್ಟುಕೊಂಡು, ಗಾಜಿಗೆ ಮೂಗು ತಾಗಿಸಿ ನೋಡುತ್ತಿದ್ದ. ಉಸಿರು ತಾಗಿದರೆ ಪಾದರಸ ಏರದೆ ಇರುತ್ತದೆಯೇ? ಜೊತೆಗೆ ಹೋದಾಗಲೆಲ್ಲ ಬೈಯುತ್ತಿದ್ದೆ. ಕೇಳಬೇಕಲ್ಲ.

ಸಾಹೇಬರು ನಗಲಿಲ್ಲ. "ನಿಮ್ಮ ತಂದೆ ತೀರ್ಕೊಂಡು ನಾಲ್ಕು ವರ್ಷ ಆಯ್ತಲ್ಲಮ್ಮ. ಆಮೇಲೂ ಹೀಗೇ ಇದೆ. ರಜೇಲಿ ಈಗ ಯಾರೂ ಮೇಲೆ ಹೋಗಲ್ಲ, ಪೆಟ್ಟಿಗೇಲಿಟ್ಟ ಮೆಷಿನ್ನೇ ಫೋಟೋ ತೆಗೆದು ಓದುತ್ತೆ."



"ಪೆಟ್ಟಿಗೇನೇ ಕೆಟ್ಟಿರ್ಬೇಕು. ಈ ಸಲಾನೂ ಹೆಚ್ಚು ಬಂದ್ರೆ ಕಿತ್ತು ಹಾಕಿ, ಅದರ ಅಷ್ಟೂ ವರ್ಷದ ಅಂಕಿ ಅಳಿಸ್ಬಿಡೋಣ."

ಅಳಿಸ್ತಾರಂತೆ. ಅಪ್ಪ ಆಯಸ್ಸು ಸವೆಸಿದ್ದು ಆ ಪೆಟ್ಟಿಗೆಯ ಮುಂದೆ. ಅವನದೆಂದು ಉಳಿದಿರುವುದೇ ಆ ಅಂಕಿಗಳು. ಅದಕ್ಕೇ, ಆ ಒಂದು ಡಿಗ್ರಿ ಎಲ್ಲಿಂದ ಬರುತ್ತದೋ ನೋಡೋಣವೆಂದು ಕಾವಲಿಗೆ ಬಂದಿದ್ದೆ.

ತಾರಸಿಯ ತುಂಬ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಅದರ ಮೇಲೆ ನನ್ನ ಹೆಜ್ಜೆಗಳಷ್ಟೇ. ಪೆಟ್ಟಿಗೆಯ ಬಾಗಿಲು ತೆರೆದು, ಬಾಯಿಗೆ ಶಾಲು ಸುತ್ತಿಕೊಂಡು ದೂರ ನಿಂತೆ. ಮೆಷಿನ್ ಓದಲು ಇನ್ನು ಸ್ವಲ್ಪವೇ ಹೊತ್ತಿತ್ತು.

ಮೊದಲು ಬಂದದ್ದು ಲವಂಗದ ವಾಸನೆ.

ಆಮೇಲೆ ಗಾಜಿನ ಮೇಲೆ ಅಂಗೈಯಗಲದ ಮಬ್ಬು ಕೂತಿತು. ಚದುರಿತು. ಮತ್ತೆ ಕೂತಿತು. ನಿಧಾನವಾಗಿ, ಮುದುಕರು ಉಸಿರಾಡುವ ಹಾಗೆ. ಪಾದರಸ ಮೇಲೆ ತೆವಳತೊಡಗಿತು. ಓಡಿಹೋಗಬೇಕೆನಿಸಿತು, ಅಲ್ಲೇ ಕೂತುಬಿಡಬೇಕೆಂದೂ ಅನಿಸಿತು. ಸುಮ್ಮನಿದ್ದರೆ ಅಪ್ಪ ಇರುತ್ತಾನೆ, ಅವನ ಅಂಕಿಗಳು ಹೋಗುತ್ತವೆ. ನನ್ನ ನಾಲಿಗೆ ಯಾವತ್ತು ಸುಮ್ಮನಿದ್ದೀತು?

"ಅಪ್ಪಾ, ಎಷ್ಟು ಸಲ ಹೇಳ್ಬೇಕು ನಿಂಗೆ? ದೂರ ನಿಂತ್ಕೋ."

ಮಬ್ಬು ಅಲ್ಲೇ ನಿಂತಿತು. ಆಮೇಲೆ ಅಂಚಿನಿಂದ ಕರಗುತ್ತ ಗಾಜು ನಿಚ್ಚಳವಾಯಿತು. ಪಾದರಸ ಇಳಿಯಿತು. ಮೆಷಿನ್ ಟಕ್ಕೆಂದಿತು. ಫೋನಿನಲ್ಲಿ ನೋಡಿದೆ. ಊರಿನ ಉಳಿದ ಕಡೆ ಎಷ್ಟಿತ್ತೋ, ಇಲ್ಲೂ ಅಷ್ಟೇ.

"ಆಯ್ತು ಅಪ್ಪಾ," ಎಂದೆ. "ಇನ್ನು ಬಾ, ನೋಡು."

ಶಾಲು ಸರಿಸಿ, ಮೂಗು ತಾಗುವಷ್ಟು ಹತ್ತಿರ ಹೋದೆ. ಗಾಜು ಮಬ್ಬಾಯಿತು. ಅದು ನನ್ನದೇ ಉಸಿರು. ಲವಂಗದ ವಾಸನೆ ಇರಲಿಲ್ಲ.

ಬದುಕಿದ್ದಾಗ ಒಂದು ದಿನವೂ ನನ್ನ ಮಾತು ಕೇಳಿದವನಲ್ಲ. ಅವತ್ತು ಕೇಳಿದ.